ಗಣಕಯಂತ್ರದ ಮೂರ್ಛಾರೋಗ

ನಮ್ಮ ವೈದ್ಯಶಾಸ್ತ್ರಜ್ಞರು ಚಿಕಿತ್ಸೆಗಿಂತ ಮೊದಲು ನಿದಾನಕ್ಕೆ ಸ್ಥಾನವನ್ನು ಕೊಟ್ಟಿರುವರು. ಮಾಧವಕರನು ನಿದಾನಕ್ಕಾಗಿಯೇ ಒಂದು ಪ್ರತ್ಯೇಕ ಗ್ರಂಥವನ್ನು ರಚಿಸಿದನು. ಈ ಕ್ರಮವು ಮನುಷ್ಯಶರೀರಕ್ಕೆ ಹೇಗೋ, ಈಗ ಮನೆಮನೆಯಲ್ಲಿಯೂ ಕಾಣಬರುವ ಗಣಕಯಂತ್ರಕ್ಕೂ ಹಾಗೆಯೇ ಸಲ್ಲುವುದೆಂಬುದನ್ನು ನಾನು ನನ್ನ ತಪ್ಪಿನಿಂದಲೇ ಕಲಿತೆನು.

ಕಳೆದ ಚೈತ್ರಮಾಸದಲ್ಲಿ ನಮ್ಮ ಮನೆಯ ಕಂಪ್ಯೂಟರು, ಕೆಲಸವು ನಡೆಯುತ್ತಿರುವಾಗಲೇ, ಗಾಳಿಗೆ ದೀಪವಾರಿದಂತೆ ತಟ್ಟನೆ ನಿಂತುಹೋಗತೊಡಗಿತು. ನನ್ನ ಸೊಸೆಯು ಅದರಲ್ಲಿಯೇ ನೆರೆಯ ಅಂಗಡಿಗಳ ಲೆಕ್ಕಪತ್ರಗಳನ್ನು ಬರೆದು ಸಂಸಾರಕ್ಕೆ ನೆರವಾಗುತ್ತಿರುವಳು. ಆದಕಾರಣ ಮನೆಯವರಿಗೆಲ್ಲ ಚಿಂತೆಯಾಯಿತು. ಮೊಮ್ಮಗನು ಆಟಕ್ಕೆ ಕುಳಿತಾಗಲೇ ಹೀಗಾಗುವುದು ಹೆಚ್ಚಾಗಿದ್ದುದರಿಂದ, “ಯಂತ್ರವನ್ನು ಕೆಡಿಸಿದವನು ನೀನೇ” ಎಂದು ಹುಡುಗನನ್ನು ಎಲ್ಲರೆದುರಿಗೆ ಗದರಿಸಿದೆನು. ಅವನು ಒಂದು ವಾರ ನನ್ನ ಬಳಿಗೆ ಸುಳಿಯಲಿಲ್ಲ. ಅಂಗಡಿಯವನೊಬ್ಬನು ಪೆಟ್ಟಿಗೆಯನ್ನು ತೆರೆದೂ ನೋಡದೆ, ಮದರ್ ಬೋರ್ಡು ಹೋಗಿರುವುದೆಂದೂ 9,000 ರೂಪಾಯಿಗಳಾಗುವುವೆಂದೂ ಹೇಳಿದನು.

ಆ ಸಮಯಕ್ಕೆ, ಯಂತ್ರಗಳನ್ನು ಬಲ್ಲ ನನ್ನ ಹಳೆಯ ಶಿಷ್ಯನೊಬ್ಬನು ಬಂದನು. “ಮೇಷ್ಟ್ರೇ, ಏನನ್ನೂ ಬದಲಾಯಿಸಬೇಡಿ. ಯಂತ್ರ ನಿಂತ ಹೊತ್ತು, ಆಗ ನಡೆದಿದ್ದ ಕೆಲಸ, ಮತ್ತೆ ಎಷ್ಟು ಹೊತ್ತು ನಡೆಯಿತೆಂಬುದು, ಈ ಮೂರನ್ನೂ ಮೂರು ದಿನ ಬರೆದಿಡಿ. ಲೆಕ್ಕಪತ್ರಗಳ ನಕಲನ್ನು ಮಾತ್ರ ಇಂದೇ ಬೇರೆ ಕಡೆ ತೆಗೆದಿಡಿ” ಎಂದನು. ಒಂದು ಇದ್ದಾಗ ಇನ್ನೊಂದು ಇರುವುದು, ಅದಿಲ್ಲದಾಗ ಇದೂ ಇಲ್ಲದಿರುವುದು. ತರ್ಕಶಾಸ್ತ್ರದಲ್ಲಿ ಇದನ್ನು ಅನ್ವಯವ್ಯತಿರೇಕವೆನ್ನುವರು. ಮಕ್ಕಳಿಗೆ ಹೇಳಿಕೊಟ್ಟ ಪಾಠವನ್ನು ನಾನೇ ಮರೆತಿದ್ದೆನು.

ಈ ವ್ಯಾಧಿಗೆ ಕಾರಣಗಳು ಮುಖ್ಯವಾಗಿ ನಾಲ್ಕು. ಮೊದಲನೆಯದು ಹೊರಗಿನದು. ಗೋಡೆಯ ಸಾಕೆಟ್ಟಿನಲ್ಲಿ ಪ್ಲಗ್ಗು ಸಡಿಲವಾಗಿರಬಹುದು. ಕರೆಂಟು ಹೋದೊಡನೆಯೇ ಯಂತ್ರವೂ ನಿಂತರೆ ಯು.ಪಿ.ಎಸ್. ಬ್ಯಾಟರಿಯು ಮುದಿಯಾಗಿರಬಹುದು. ಯು.ಪಿ.ಎಸ್. ಅನ್ನು ಬಿಟ್ಟು ನೇರವಾಗಿ ಗೋಡೆಯ ಸಾಕೆಟ್ಟಿಗೆ ಜೋಡಿಸಿ ನೋಡತಕ್ಕದ್ದು. ಪವರ್ ಗುಂಡಿಯು ಒಳಕ್ಕೆ ಸಿಕ್ಕಿಕೊಂಡಿದ್ದರೆ ಯಂತ್ರವು ಹೊತ್ತಿಕೊಂಡು ಕೆಲವೇ ಸೆಕೆಂಡುಗಳಲ್ಲಿ ಆರುವುದು.

ಎರಡನೆಯದು ತಾಪವು. ಪ್ರೊಸೆಸರು ಕಾದಾಗ ಮೊದಲು ತನ್ನ ವೇಗವನ್ನು ತಗ್ಗಿಸಿಕೊಳ್ಳುವುದು. ಆಗಲೂ ತಾಪವಿಳಿಯದೆ, ಸಾಮಾನ್ಯವಾಗಿ 100 ಡಿಗ್ರಿಯ ಆಸುಪಾಸಿನಲ್ಲಿರುವ ಮಿತಿಯನ್ನು ಮೀರಿದರೆ, ಸುಟ್ಟುಹೋಗುವುದನ್ನು ತಪ್ಪಿಸಲು ಯಂತ್ರವು ತನ್ನನ್ನು ತಾನೇ ಆರಿಸಿಕೊಳ್ಳುವುದು. ಫ್ಯಾನಿನ ಭೋರ್ಗರೆತ, ಕೆಲಸದಲ್ಲಿ ಮಾಂದ್ಯ, ಇವು ಇದರ ಪೂರ್ವರೂಪಗಳು. ಆರಿದ ಕೂಡಲೇ ಹೊತ್ತಿಸಿದರೆ ಬೇಗನೆ ಮತ್ತೆ ನಿಲ್ಲುವುದು. ತಣಿಯಲು ಬಿಟ್ಟರೆ ಹೆಚ್ಚು ಹೊತ್ತು ನಡೆಯುವುದು.

ಮೂರನೆಯದು ವಿದ್ಯುತ್ತನ್ನು ಒದಗಿಸುವ ಎಸ್.ಎಂ.ಪಿ.ಎಸ್. ಪೆಟ್ಟಿಗೆಯ ದೌರ್ಬಲ್ಯವು. ಇದರಲ್ಲಿ ಯಂತ್ರವು ತಣ್ಣಗಿದ್ದರೂ ಭಾರವಾದ ಕೆಲಸವು ಬಿದ್ದ ಕ್ಷಣವೇ ನಿಲ್ಲುವುದುಂಟು. 12 ವೋಲ್ಟಿನ ತಂತಿಯಲ್ಲಿ 11.4ರಿಂದ 12.6ರವರೆಗೆ ಮಾತ್ರ ಏರಿಳಿತವು ಸಲ್ಲುವುದು. ಚೆನ್ನಾಗಿರುವ ಬೇರೊಂದನ್ನು ಎರವಲು ತಂದು ಜೋಡಿಸಿ ನೋಡುವುದೇ ಸುಲಭವಾದ ಪರೀಕ್ಷೆಯು. ಆದರೆ ಆ ಪೆಟ್ಟಿಗೆಯನ್ನು ಮಾತ್ರ ಮನೆಯಲ್ಲಿ ಎಂದಿಗೂ ಬಿಚ್ಚಬಾರದು. ಪ್ಲಗ್ಗನ್ನು ಕಿತ್ತ ಮೇಲೆಯೂ ಅದರ ಕೆಪಾಸಿಟರುಗಳಲ್ಲಿ ಪ್ರಾಣಾಪಾಯಕರವಾದ ವಿದ್ಯುತ್ತು ಉಳಿದಿರಬಹುದು.

ನಾಲ್ಕನೆಯದು ಒಳಗಿನ ಭಾಗಗಳ ದೋಷವು. ರ್‍ಯಾಮ್ ಕೆಟ್ಟಾಗ ಯಂತ್ರವು ಪೂರ್ತಿ ಆರುವುದಕ್ಕಿಂತಲೂ, ನೀಲಿ ಪರದೆಯನ್ನು ತೋರಿಸುವುದು ಅಥವಾ ತಾನಾಗಿ ಮರಳಿ ಆರಂಭವಾಗುವುದೇ ಹೆಚ್ಚು. ಎರಡು ಪಟ್ಟಿಗಳಿದ್ದರೆ ಒಂದೊಂದನ್ನೇ ಇಟ್ಟು ಪರೀಕ್ಷಿಸಬೇಕು. ಮದರ್ ಬೋರ್ಡಿನ ಮೇಲಣ ಕೆಪಾಸಿಟರುಗಳ ತಲೆಯು ಉಬ್ಬಿದ್ದರೆ ಅದು ಕಣ್ಣಿಗೇ ಕಾಣುವುದು. ವಿಂಡೋಸ್ ತನ್ನ ದಿನಚರಿಯಲ್ಲಿ 41 ಎಂಬ ಸಂಖ್ಯೆಯೊಡನೆ ಒಂದು ದಾಖಲೆಯನ್ನು ಬರೆಯುವುದು. ಅನೇಕರು ಅದನ್ನೇ ಕಾರಣವೆಂದು ಭ್ರಮಿಸುವರು. ಯಂತ್ರವು ಕ್ರಮವಾಗಿ ಮುಚ್ಚಲ್ಪಡಲಿಲ್ಲವೆಂಬ ವಾರ್ತೆಯಷ್ಟೇ ಅದು.

ಇರಲಿ. ನಮ್ಮ ಕಾಗದವು ಏನು ಹೇಳಿತು? ಬೆಳಗಿನ ಜಾವದಲ್ಲಿ ಸೊಸೆಯು ಮೂರು ಗಂಟೆ ಬರೆದರೂ ಯಂತ್ರವು ನಿಲ್ಲಲಿಲ್ಲ. ನಡುಹಗಲಿನಲ್ಲಿ ಅದೇ ಲೆಕ್ಕಕ್ಕೆ ಒಂದು ಗಂಟೆಯಲ್ಲಿ ನಿಂತಿತು. ಆಟಕ್ಕೆ ಇಪ್ಪತ್ತು ನಿಮಿಷ. ಕೂಡಲೇ ಮರಳಿ ಹೊತ್ತಿಸಿದರೆ ಐದೇ ನಿಮಿಷ. ಶಿಷ್ಯನು ನಕ್ಕು, ಪ್ಲಗ್ಗನ್ನು ಕಿತ್ತು, ಪೆಟ್ಟಿಗೆಯನ್ನು ತೆರೆದನು. ಪ್ರೊಸೆಸರನ್ನು ತಣಿಸುವ ಲೋಹದ ರೆಕ್ಕೆಗಳ ಸಂದಿನಲ್ಲಿ ಧೂಳು ಕಂಬಳಿಯಂತೆ ಹಾಸಿಕೊಂಡಿತ್ತು; ಅಡಿಯ ಥರ್ಮಲ್ ಪೇಸ್ಟು ಒಣಗಿ ಹಕ್ಕಳೆಯಾಗಿತ್ತು. ಮೆತ್ತನೆಯ ಕುಂಚದಿಂದ ಧೂಳನ್ನು ತೆಗೆದು, ಹೊಸ ಪೇಸ್ಟನ್ನು ಸಾಸಿವೆಯ ಮೂರು ಕಾಳಿನಷ್ಟು ಇಟ್ಟನು. ಖರ್ಚು 150 ರೂಪಾಯಿ.

ಆಟವು ಯಂತ್ರಕ್ಕೆ ಹೆಚ್ಚು ಕೆಲಸವನ್ನು ಕೊಟ್ಟು, ಮೊದಲೇ ಇದ್ದ ದೋಷವನ್ನು ಬೇಗನೆ ತೋರಿಸಿತ್ತು, ದೋಷವನ್ನು ಹುಟ್ಟಿಸಿರಲಿಲ್ಲ. ವರ್ಷಗಟ್ಟಲೆ ಆ ಪೆಟ್ಟಿಗೆಯನ್ನು ಗೋಡೆಗೆ ಒತ್ತಿ, ಗಾಳಿಯಾಡದ ಮೂಲೆಯಲ್ಲಿ ಇರಿಸಿದವನು ನಾನೇ. ಅದನ್ನು ಎಲ್ಲರೆದುರಿಗೇ ಒಪ್ಪಿಕೊಂಡೆನು.

ಕೊನೆಯ ಪರೀಕ್ಷೆಯು ಉಳಿದಿತ್ತು. ಮೊಮ್ಮಗನನ್ನು ಕರೆದು, “ಈಗ ನೀನು ಎರಡು ಗಂಟೆ ಆಟವಾಡಬೇಕಪ್ಪ” ಎಂದೆನು. ಅವನು ನನ್ನ ಮುಖವನ್ನು ನೋಡಿ, “ನಿಜವಾಗಿಯೂ, ತಾತ?” ಎಂದನು. ನಾನು ಕಾಗದವನ್ನೂ ಗಡಿಯಾರವನ್ನೂ ಹಿಡಿದು ಅವನ ಪಕ್ಕದಲ್ಲಿಯೇ ಕುಳಿತೆನು. ಯಂತ್ರವು ನಿಲ್ಲಲಿಲ್ಲ.