ಬಾನಿನಿಂದ ಇಳಿದುಬಂದ ಆಟ

ಆಟವೆಂದೊಡನೆ ಊರಿನಲ್ಲಿ ಬೆಳೆದ ನಮ್ಮಂಥವರ ಮನಸ್ಸಿಗೆ ಬರುವುದು ಚಿನ್ನಿದಾಂಡು, ಲಗೋರಿ, ಬುಗುರಿ; ಹೆಚ್ಚೆಂದರೆ ಚದುರಂಗ. ಈ ಮಹಾನಗರದ ಚಾಳುಗಳಲ್ಲಿಯೂ ಬಹುಮಹಡಿ ಮನೆಗಳಲ್ಲಿಯೂ ಬೆಳೆಯುತ್ತಿರುವ ನಮ್ಮ ವಿದ್ಯಾರ್ಥಿಗಳಿಗಾದರೋ ಅಂಗಳವೇ ಇಲ್ಲ. ಅವರ ಆಟವೆಲ್ಲ ಅಂಗೈಯಗಲದ ತೆರೆಯ ಮೇಲೆ. ಇದನ್ನು ಕಂಡು ಪಾಲಕರು ಮರುಗುವುದೂ ಶಿಕ್ಷಕರಾದ ನಾವು ಗದರುವುದೂ ದಿನನಿತ್ಯದ ಮಾತಾಗಿದೆ. ಆದರೆ ಗದರುವ ಮೊದಲು ಆ ವಸ್ತುವನ್ನು ಅರಿತುಕೊಳ್ಳುವುದು ಲೇಸಲ್ಲವೆ? ಈ ತೆರೆಯಾಟಗಳ ಮೂಲವನ್ನು ಹುಡುಕುತ್ತ ಹಿಂದೆ ಸಾಗಿದರೆ, 1978ರಲ್ಲಿ ಜಪಾನಿನ ಟೈಟೋ ಎಂಬ ಕಂಪನಿಯು ಹೊರತಂದ ‘ಸ್ಪೇಸ್ ಇನ್‌ವೇಡರ್ಸ್’ ಎಂಬ ಆಟದ ಮುಂದೆ ಬಂದು ನಿಲ್ಲಬೇಕಾಗುವುದು. ಬಾನಿನಿಂದ ದಂಡೆತ್ತಿ ಬಂದವರು ಎಂದು ಆ ಹೆಸರಿನ ಅರ್ಥ.

ಇದು ಮೊತ್ತಮೊದಲನೆಯ ತೆರೆಯಾಟವೇನೂ ಅಲ್ಲ. ಅಮೆರಿಕದ ಅಟಾರಿ ಕಂಪನಿಯು 1972ರಲ್ಲಿ ‘ಪಾಂಗ್’ ಎಂಬುದನ್ನೂ, 1976ರಲ್ಲಿ ಚೆಂಡಿನಿಂದ ಇಟ್ಟಿಗೆಯ ಗೋಡೆಯನ್ನು ಒಡೆಯುವ ‘ಬ್ರೇಕ್‌ಔಟ್’ ಎಂಬುದನ್ನೂ ಹೊರಡಿಸಿದ್ದಿತು. ಟೈಟೋ ಕಂಪನಿಯ ಎಂಜಿನಿಯರ್ ತೊಮೊಹಿರೊ ನಿಶಿಕಾಡೊ ಅವರು ಈ ಇಟ್ಟಿಗೆಯಾಟವನ್ನು ಮೀರಿಸಬೇಕೆಂದು ಹೊರಟವರು. ಇಟ್ಟಿಗೆಯು ಒಡೆಸಿಕೊಳ್ಳುವುದೇ ಹೊರತು ತಿರುಗಿ ಹೊಡೆಯಲಾರದು. ಆ ಇಟ್ಟಿಗೆಯ ಸಾಲಿಗೆ ಜೀವ ಬಂದು ಅದು ನಮ್ಮ ಮೇಲೆಯೇ ಗುಂಡು ಹಾರಿಸತೊಡಗಿದರೆ ಹೇಗೆ? ಈ ಒಂದು ಯೋಚನೆಯೇ ಹೊಸ ಆಟದ ಬೀಜವಾಯಿತು. ಅದಕ್ಕೆ ಬೇಕಾದ ಉಪಕರಣಗಳನ್ನು ಸಹ ಅವರು ತಾವೇ ಕಟ್ಟಿಕೊಳ್ಳಬೇಕಾಯಿತು. ಆಟವನ್ನು ಬಹುಮಟ್ಟಿಗೆ ಒಬ್ಬರೇ ಮುಗಿಸಿದರು.

ಆಟದ ವಿಧಾನ ಸರಳವಾದುದು. ತೆರೆಯ ಮೇಲ್ಭಾಗದಲ್ಲಿ ಸಾಲಿಗೆ 11ರಂತೆ 5 ಸಾಲು, ಒಟ್ಟು 55 ಅನ್ಯಲೋಕದ ಜೀವಿಗಳು. ಅವು ಪಕ್ಕಕ್ಕೆ ಹೆಜ್ಜೆಯಿಡುತ್ತ, ಅಂಚು ಮುಟ್ಟಿದಾಗ ಒಂದು ಮೆಟ್ಟಿಲು ಕೆಳಗಿಳಿದು ಹಿಂದಿರುಗುತ್ತವೆ. ಕೆಳಗೆ ಆಡುವವನದೊಂದು ಫಿರಂಗಿ. ಮರೆಯಾಗಿ ನಿಲ್ಲಲು ನಾಲ್ಕು ಕೋಟೆಗಳು, ಅವು ಕೂಡ ಏಟು ಬಿದ್ದಂತೆಲ್ಲ ಸವೆಯತಕ್ಕವು. ಹಾರಿಸಿದ ಗುಂಡು ತಾಗುವವರೆಗೆ ಅಥವಾ ತೆರೆಯನ್ನು ದಾಟುವವರೆಗೆ ಇನ್ನೊಂದನ್ನು ಹಾರಿಸುವಂತಿಲ್ಲ. ಜೀವಿಗಳಲ್ಲಿ ಒಂದಾದರೂ ನೆಲ ಮುಟ್ಟಿತೋ, ಆಟ ಮುಗಿಯಿತು.

ಇದರಲ್ಲಿ ನಮ್ಮನ್ನು ಎಲ್ಲಕ್ಕಿಂತ ಹೆಚ್ಚಾಗಿ ಸೆಳೆದ ಸಂಗತಿ ಬೇರೆಯೇ ಇದೆ. ಆ ಯಂತ್ರದೊಳಗಿದ್ದುದು ಇಂಟೆಲ್ 8080 ಎಂಬ ಪುಟ್ಟ ಗಣಕದ ಮೆದುಳು. ಇಂದಿನ ಅಗ್ಗದ ಮೊಬೈಲಿನ ಮುಂದೆ ಅದು ಎಳೆಗೂಸು. 55 ಚಿತ್ರಗಳನ್ನು ಒಮ್ಮೆಗೇ ಸರಿಸುವ ಶಕ್ತಿ ಅದಕ್ಕಿರಲಿಲ್ಲ. ಆದುದರಿಂದ ತೆರೆಯ ಮೇಲೆ ಚಿತ್ರ ಮೂಡುವ ಪ್ರತಿಸಲಕ್ಕೆ ಒಂದೇ ಜೀವಿಯನ್ನು ಅದು ಸರಿಸುತ್ತಿತ್ತು. ಸೆಕೆಂಡಿಗೆ ಸುಮಾರು 60 ಸಲ ಚಿತ್ರ ಮೂಡುವುದು. ಈಗ ಐದನೆಯ ತರಗತಿಯ ಬಾಲಕನೂ ಲೆಕ್ಕ ಹಾಕಬಹುದು: 55 ಜೀವಿಗಳಿರುವಾಗ ಇಡೀ ದಂಡು ಒಂದು ಹೆಜ್ಜೆಯಿಡಲು ಸುಮಾರು ಒಂದು ಸೆಕೆಂಡು ಬೇಕು, 11 ಉಳಿದಾಗ ಸೆಕೆಂಡಿಗೆ ಐದಾರು ಹೆಜ್ಜೆ, ಕಟ್ಟಕಡೆಗೆ ಒಂದೇ ಉಳಿದಾಗ ಸೆಕೆಂಡಿಗೆ 60 ಹೆಜ್ಜೆ! ಆಡುವವನು ಶತ್ರುಗಳನ್ನು ಕಡಿಮೆ ಮಾಡಿದಷ್ಟೂ ಉಳಿದವರು ಹುಚ್ಚೆದ್ದು ಓಡತೊಡಗುವರು. ಇದು ಕರ್ತೃವು ಮೊದಲೇ ಹೂಡಿದ ಉಪಾಯವಲ್ಲ, ಯಂತ್ರದ ಬಡತನದಿಂದ ತಾನಾಗಿ ಒದಗಿದುದು. ಅದು ಆಟಕ್ಕೆ ಕಳೆ ತರುವುದೆಂದು ಕಂಡ ನಿಶಿಕಾಡೊ ಅವರು ಹಾಗೆಯೇ ಉಳಿಸಿಕೊಂಡರು. ಜೊತೆಗೆ ನಾಲ್ಕು ಸ್ವರಗಳ ಒಂದು ಗಂಭೀರವಾದ ನಾದವು ಎದೆಬಡಿತದಂತೆ ಹಿನ್ನೆಲೆಯಲ್ಲಿ ನುಡಿಯುತ್ತ, ದಂಡಿನ ವೇಗದೊಡನೆ ತಾನೂ ದುಡುಕಾಗುವುದು. ಆಟದ ಏರಿಳಿತಕ್ಕೆ ತಕ್ಕಂತೆ ಸಂಗೀತವೂ ಬದಲಾಗಬೇಕೆಂಬುದು ಇಂದು ಸಾಮಾನ್ಯವಾದ ರೂಢಿ. ಅಂದು ಅದು ಹೊಸದು.

ಜಪಾನಿನಲ್ಲಿ ಈ ಆಟವೊಂದನ್ನೇ ಇಟ್ಟುಕೊಂಡ ಅಂಗಡಿಗಳು ಎದ್ದುವು. ಅಲ್ಲಿನ 100 ಯೆನ್ ನಾಣ್ಯಗಳಿಗೇ ಬರ ಬಂದಿತೆಂಬ ಕಥೆಯನ್ನು ಅನೇಕರು ಬರೆದಿರುವರು. ಅದನ್ನು ನಂಬಲು ಆಧಾರ ಸಾಲದು. ಅಮೆರಿಕದಲ್ಲಿ ಮಿಡ್‌ವೇ ಕಂಪನಿಯು ಈ ಯಂತ್ರವನ್ನು ಮಾರಿತು. 1980ರಲ್ಲಿ ಅಟಾರಿಯವರು ಮನೆಯ ಟೆಲಿವಿಷನ್ನಿಗೆ ಜೋಡಿಸಿ ಆಡುವ ರೂಪದಲ್ಲಿ ಇದನ್ನು ತಂದಾಗ, ಈ ಒಂದು ಆಟಕ್ಕಾಗಿಯೇ ಆ ಪೆಟ್ಟಿಗೆಯನ್ನು ಕೊಂಡವರು ಬಹು ಮಂದಿ. ‘ಗ್ಯಾಲಕ್ಸಿಯನ್’, ‘ಗ್ಯಾಲಗ’ ಮುಂತಾದುವು ಇದರ ನೇರ ಸಂತಾನ. ಮುಂದೆ ‘ಡಾಂಕಿ ಕಾಂಗ್’, ‘ಸೂಪರ್ ಮಾರಿಯೊ’ಗಳನ್ನು ರಚಿಸಿ ಕೀರ್ತಿವಂತರಾದ ಶಿಗೆರು ಮಿಯಾಮೊಟೊ ಅವರು, ಈ ಆಟವನ್ನು ಕಾಣುವ ಮೊದಲು ತಮಗೆ ಇಂಥ ಆಟಗಳಲ್ಲಿ ಅಷ್ಟೇನೂ ಆಸಕ್ತಿಯಿರಲಿಲ್ಲವೆಂದು ಹೇಳಿಕೊಂಡಿದ್ದಾರೆ. 2013ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವು ಇದನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು.

ಶತ್ರುಗಳನ್ನು ಅನ್ಯಲೋಕದವರನ್ನಾಗಿ ಮಾಡಿದುದು ಏಕೆ? ನಿಶಿಕಾಡೊ ಅವರು ಮೊದಲು ವಿಮಾನ, ಟ್ಯಾಂಕುಗಳನ್ನು ಬಿಡಿಸಿ ನೋಡಿದರು. ಅವುಗಳ ಚಲನೆ ಆ ಯಂತ್ರದಲ್ಲಿ ನಯವಾಗಿ ಬರಲಿಲ್ಲ. ಮನುಷ್ಯರ ನಡಿಗೆ ಚೆನ್ನಾಗಿ ಬಂದಿತು. ಆದರೆ ಮನುಷ್ಯರನ್ನು ಗುಂಡಿಟ್ಟು ಕೊಲ್ಲುವುದು ಆಟವಾಗಕೂಡದೆಂದು ಅದನ್ನು ಕೈಬಿಟ್ಟರು. ಎಚ್. ಜಿ. ವೆಲ್ಸ್ ಅವರ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ ಕಾದಂಬರಿಯ ಮಂಗಳಲೋಕದವರು ಆಕ್ಟೋಪಸ್ಸಿನಂತೆ ಇದ್ದರಷ್ಟೆ. ಅದನ್ನು ನೆನೆದು ಆಕ್ಟೋಪಸ್, ಏಡಿ, ಸ್ಕ್ವಿಡ್‌ಗಳ ಆಕಾರವನ್ನು ಕೊಟ್ಟರು. ಈ ಆಟದಿಂದ ಎಲ್ಲವನ್ನೂ ಎರವಲು ಪಡೆದ ಮುಂದಿನವರಲ್ಲಿ ಬಹು ಮಂದಿ ಈ ಸಂಕೋಚವೊಂದನ್ನು ಮಾತ್ರ ಪಡೆಯಲಿಲ್ಲ. ನಮ್ಮ ಏಳನೆಯ ತರಗತಿಯ ಹುಡುಗರು ಇಂದು ಆಡುತ್ತಿರುವ ಆಟಗಳಲ್ಲಿ ಗುಂಡು ತಾಗುವುದು ಮನುಷ್ಯರಿಗೇ. ಪಾಲಕರು ಮರುಗಬೇಕಾದುದು ಆಟದ ವಿಷಯಕ್ಕಲ್ಲ, ಇಂಥ ಆಯ್ಕೆಯ ವಿಷಯಕ್ಕೆ ಎಂಬುದು ನಮ್ಮ ಅಭಿಪ್ರಾಯ.

ಇನ್ನೊಂದು ಮಾತನ್ನೂ ವಿದ್ಯಾರ್ಥಿಗಳು ಅರಿತಿರಬೇಕು. ಈ ಆಟದಲ್ಲಿ ಗೆಲುವೆಂಬುದೇ ಇಲ್ಲ. 55 ಜೀವಿಗಳನ್ನೂ ಕೆಡವಿದರೆ ಮತ್ತೆ 55 ಬರುವುವು, ಅದೂ ಮೊದಲಿಗಿಂತ ಕೆಳಗಿನಿಂದ. ಎಷ್ಟೇ ನಿಪುಣನಾದರೂ ಒಂದಲ್ಲ ಒಂದು ಗಳಿಗೆಯಲ್ಲಿ ಸೋಲಲೇಬೇಕು. ಸೋತರೆ ಮತ್ತೊಂದು ನಾಣ್ಯ ಹಾಕಬೇಕು. ಇದು ವ್ಯಾಪಾರದ ಲೆಕ್ಕ. ತೆರೆಯ ನೆತ್ತಿಯ ಮೇಲೆ ಅದುವರೆಗಿನ ಅತ್ಯಧಿಕ ಅಂಕವು ಸದಾ ಕಾಣುತ್ತಿದ್ದಿತು. ಅದನ್ನು ಮೀರಿಸುವ ಛಲದಲ್ಲಿ ಅಪರಿಚಿತರು ಅಪರಿಚಿತರೊಡನೆ ಸ್ಪರ್ಧಿಸಿದರು. ವಿದ್ಯುತ್ತನ್ನು ನಿಲ್ಲಿಸಿದೊಡನೆ ಆ ಅಂಕವು ಅಳಿಸಿಹೋಗುತ್ತಿತ್ತು. ಇಂದಿನ ಮೊಬೈಲು ಆಟಗಳಲ್ಲಿ ಅದು ಅಳಿಸುವುದಿಲ್ಲ, ಸ್ಪರ್ಧೆಗೂ ಕೊನೆಯಿಲ್ಲ.

ಈ ಆಟದ ಬಾಳು ಅಷ್ಟಕ್ಕೇ ನಿಲ್ಲಲಿಲ್ಲ. 2013ರಲ್ಲಿ ಲಂಡನ್ನಿನ ಡೀಪ್‌ಮೈಂಡ್ ಕಂಪನಿಯ ಸಂಶೋಧಕರು, ತೆರೆಯ ಚಿತ್ರವನ್ನೂ ಅಂಕವನ್ನೂ ಮಾತ್ರ ಕೊಟ್ಟು, ನಿಯಮವನ್ನು ಹೇಳಿಕೊಡದೆ, ಗಣಕವು ತಾನಾಗಿ ಆಟ ಕಲಿಯುವಂತೆ ಮಾಡಲು ಹೊರಟರು. ಅದಕ್ಕಾಗಿ ಆರಿಸಿದ ಏಳು ಅಟಾರಿ ಆಟಗಳಲ್ಲಿ ಇದೂ ಒಂದು. ಆ ಪರೀಕ್ಷೆಯಲ್ಲಿ ಪಳಗಿದ ಮನುಷ್ಯನ ಅಂಕವನ್ನು ಗಣಕವು ಮುಟ್ಟಲಾರದೆ ಹೋಯಿತು. ವೇಳೆ ಉಳಿಸಲೆಂದು ಗಣಕಕ್ಕೆ ನಾಲ್ಕು ಚಿತ್ರಗಳಿಗೊಮ್ಮೆ ಮಾತ್ರ ತೆರೆಯನ್ನು ತೋರಿಸುವ ಏರ್ಪಾಡಿದ್ದಿತು. ಈ ಆಟದ ಗುಂಡುಗಳಾದರೋ ಮಿಣುಕುತ್ತ ಸಾಗತಕ್ಕವು. ಹಾಗೆ ನೋಡಿದರೆ ಅವು ಗಣಕದ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಕೊನೆಗೆ ಇದೊಂದು ಆಟಕ್ಕೆ ಮಾತ್ರ ಮೂರು ಚಿತ್ರಗಳಿಗೊಮ್ಮೆ ತೋರಿಸಬೇಕಾಯಿತು.