ತುಂಡು ಬಟ್ಟೆಯ ನಕ್ಷತ್ರ: ಕಾಗದ ಬೇಕೆ, ಬೇಡವೆ?

ಉತ್ತರ ಕರ್ನಾಟಕದ ಕೌದಿಗೆ ಕಣ್ಣಳತೆಯೇ ಸಾಕು. ಆದರೆ ಅಮೆರಿಕದ ನಕ್ಷತ್ರ ವಿನ್ಯಾಸದ ಕ್ವಿಲ್ಟಿನಲ್ಲಿ ಮೊನೆಗಳು ಹೊಲಿಗೆಯೊಳಗೆ ಮುಳುಗಿದರೆ ಸರಕು ತಿರಸ್ಕೃತವಾದೀತು.

ಇದಕ್ಕೆ ಖಚಿತ ಉಪಾಯವೆಂದರೆ ಕಾಗದದ ಮೇಲಿನ ಹೊಲಿಗೆ. ತೆಳು ಕಾಗದದಲ್ಲಿ ಮಾದರಿಯನ್ನು ಮುದ್ರಿಸಿ, ಬಟ್ಟೆಯನ್ನು ಅದರ ಹಿಂಬದಿಗಿರಿಸಿ, ಗೆರೆಯ ಮೇಲೆಯೇ ಹೊಲಿಯುತ್ತಾರೆ. ಟಾಕು ಸುಮಾರು 1.5 ಮಿ.ಮೀ. ಇದ್ದರೆ ಕಾಗದ ಸುಲಭವಾಗಿ ಹರಿದು ಬರುತ್ತದೆ. ಆಕಾರವಿಲ್ಲದ ಚೂರುಗಳೂ ಒದಗುತ್ತವೆ. ಆದರೆ ಕಾಗದ ಕೀಳುವ ಕೂಲಿ? ದರ ನಮೂದಿಸುವಾಗ ಮರೆತುಹೋಗುವುದು ಅದೇ.

ಎಂಟು ಮೊನೆಯ ಸರಳ ನಕ್ಷತ್ರಕ್ಕೆ ಕಾಗದ ಅನಗತ್ಯ. 12 ಅಂಗುಲದ ಚೌಕಕ್ಕೆ ಹಿನ್ನೆಲೆ ಬಟ್ಟೆಯ 7¼ ಅಂಗುಲದ ಒಂದು ಚೌಕ, ತುಂಡು ಬಟ್ಟೆಯ 3⅞ ಅಂಗುಲದ ನಾಲ್ಕು ಚೌಕ ತೆಗೆದುಕೊಳ್ಳಿರಿ. ಎರಡು ಚಿಕ್ಕ ಚೌಕಗಳನ್ನು ದೊಡ್ಡದರ ಎದುರುಬದುರು ಮೂಲೆಗಳಲ್ಲಿರಿಸಿ, ಕರ್ಣದ ಎರಡೂ ಬದಿಗೆ ಕಾಲಂಗುಲ ಬಿಟ್ಟು ಹೊಲಿದು, ಕರ್ಣದ ಮೇಲೆ ಕತ್ತರಿಸಬೇಕು. ಬಿಡಿಸಿದ ಎರಡೂ ಭಾಗಗಳ ಉಳಿದ ಮೂಲೆಗೆ ಒಂದೊಂದು ಚೌಕವಿಟ್ಟು ಹಾಗೆಯೇ ಮಾಡಿದರೆ ಮೊನೆಗಳ ನಾಲ್ಕೂ ಪಟ್ಟಿಗಳು ಸಿದ್ಧ, ಬಟ್ಟೆ ವ್ಯರ್ಥವಾಗದು. ನಡುವಿಗೆ 6½, ಮೂಲೆಗಳಿಗೆ 3½ ಅಂಗುಲದ ಚೌಕಗಳು.

ಹಲವು ನಕ್ಷತ್ರಗಳ ಪಟ್ಟಿಗಳನ್ನು ಬೆರೆಸಿಕೊಂಡರೆ ಬಣ್ಣಗಳ ವೈವಿಧ್ಯವೂ ದೊರೆಯುತ್ತದೆ. ಆದ್ದರಿಂದ ತುಂಡುಗಳನ್ನು ಮೊದಲೇ ವಿಂಗಡಿಸಿರಿ: 4 ಅಂಗುಲದ ಚೌಕ ಹೊರಡುವಂಥವು ಈ ವಿಧಾನಕ್ಕೆ, ಅದಕ್ಕಿಂತ ಚಿಕ್ಕವು ಮಾತ್ರ ಕಾಗದಕ್ಕೆ.