ಮೈದಾನ ಬಿಟ್ಟು ಮನೆ ಸೇರಿದ ಪ್ರೇಕ್ಷಕ

ಶರತ್ಕಾಲದ ಶನಿವಾರ ಬಂತೆಂದರೆ ಅಮೆರಿಕದ ಕಾಲೇಜು ಊರುಗಳ ಚರ್ಯೆಯೇ ಬೇರೆ. ಬೆಳಗಿನಿಂದಲೇ ಹೆದ್ದಾರಿಗಳ ಮೇಲೆ ಕಾರುಗಳ ಸಾಲು. ಕ್ರೀಡಾಂಗಣದ ಸುತ್ತಲಿನ ಬಯಲಿನಲ್ಲಿ ಕಾರಿನ ಹಿಂಬಾಗಿಲು ತೆರೆದು, ಒಲೆ ಹೂಡಿ, ಅಡಿಗೆ ಮಾಡಿ, ಗುರುತಿದ್ದವರಿಗೂ ಇಲ್ಲದವರಿಗೂ ಬಡಿಸುವ ಸಂಭ್ರಮ. ತಾನು ಓದಿದ ಕಾಲೇಜಿನ ಬಣ್ಣದ ಅಂಗಿ ತೊಟ್ಟ ಅಜ್ಜ. ಅದೇ ಬಣ್ಣದ ಅಂಗಿಯಲ್ಲಿ ಅವನ ಕೈಹಿಡಿದ ಮೊಮ್ಮಗ. ವಿದ್ಯಾರ್ಥಿಗಳ ವಾದ್ಯಮೇಳ ಮೆರವಣಿಗೆ ಹೊರಟಿತೆಂದರೆ ಊರಿಗೆ ಊರೇ ಅದರ ಹಿಂದೆ. ನಮ್ಮೂರ ತೇರನ್ನು ಕಂಡವರಿಗೆ ಈ ನೋಟ ತೀರ ಹೊಸದೆನಿಸಲಾರದು.

ಇಲ್ಲಿ ನಡೆಯುವ ಫುಟ್‌ಬಾಲು ನಮಗೆ ಪರಿಚಿತವಾದ ಕಾಲ್ಚೆಂಡಿನ ಆಟವಲ್ಲ. ತಲೆಗೆ ಶಿರಸ್ತ್ರಾಣ, ಹೆಗಲಿಗೆ ಮೆತ್ತೆಗಳನ್ನು ತೊಟ್ಟ ಹನ್ನೊಂದು ಮಂದಿ, ಮೊಟ್ಟೆಯಾಕಾರದ ಚೆಂಡನ್ನು ಹಿಡಿದು, ಎದುರಾಳಿಯ ನೆಲವನ್ನು ಗಜ ಗಜವಾಗಿ ಗೆಲ್ಲುವ ಹೋರಾಟ ಅದು. ಕಾಲೇಜುಗಳ ನಡುವಣ ಮೊದಲ ಪಂದ್ಯವೆನ್ನುವುದು 1869ರ ನವೆಂಬರ್ 6ರಂದು ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ನಡುವೆ ನಡೆಯಿತು. 1914ರಲ್ಲಿ ಯೇಲ್, 1922ರಲ್ಲಿ ಒಹಾಯೊ, 1927ರಲ್ಲಿ ಮಿಷಿಗನ್, ಹೀಗೆ ಒಂದೊಂದು ವಿಶ್ವವಿದ್ಯಾನಿಲಯವೂ ಭಾರಿ ಕ್ರೀಡಾಂಗಣವನ್ನು ಕಟ್ಟಿಸಿಕೊಂಡಿತು. ಮಿಷಿಗನ್ನಿನದರಲ್ಲಿ ಇಂದು 1,07,601 ಆಸನಗಳಿವೆ.

ಇಂಥ ವೈಭವದ ಆಟಕ್ಕೆ ಒಂದು ಕೊರತೆ ಕಾಣಿಸಿಕೊಂಡಿತು. 2008ರಲ್ಲಿ ಮೇಲಿನ ದರ್ಜೆಯ ಪಂದ್ಯವೊಂದಕ್ಕೆ ಸರಾಸರಿ 46 ಸಾವಿರಕ್ಕೂ ಮಿಕ್ಕಿ ಪ್ರೇಕ್ಷಕರಿದ್ದರು. 2018ರ ವೇಳೆಗೆ ಆ ಸಂಖ್ಯೆ 42 ಸಾವಿರಕ್ಕಿಂತಲೂ ಕೆಳಗಿಳಿಯಿತು. ಹಿಂದಿನ ಎರಡು ದಶಕಗಳಲ್ಲಿ ಅಷ್ಟು ಕಡಿಮೆ ಎಂದೂ ಇರಲಿಲ್ಲ. ಇದಾದರೂ ಕಾಲೇಜುಗಳು ಪ್ರಕಟಿಸಿದ ಲೆಕ್ಕ. ‘ವಾಲ್ ಸ್ಟ್ರೀಟ್ ಜರ್ನಲ್’ ಪತ್ರಿಕೆ 2018ರಲ್ಲಿ ಹೊರಗೆಡಹಿದಂತೆ, ಪ್ರಕಟವಾದ ಸಂಖ್ಯೆ ನೂರಾದರೆ ಬಾಗಿಲಲ್ಲಿ ನಿಜವಾಗಿ ತೋರಿಸಿದ ಟಿಕೆಟುಗಳು ಸುಮಾರು 71 ಮಾತ್ರ. ಉಳಿದವರು ಹಣ ತೆತ್ತೂ ಬಾರದವರು, ಇಲ್ಲವೆ ಬರಿಯ ಕಾಗದದ ಮೇಲಿನ ಪ್ರೇಕ್ಷಕರು! ಅವರೆಲ್ಲ ಎಲ್ಲಿ ಹೋದರು? ಆಟದ ಮೇಲೆ ಬೇಸರಗೊಂಡರೆ? ಹಾಗೇನೂ ಇಲ್ಲ. ಅವರು ಮನೆಯಲ್ಲಿ ಕುಳಿತು ಅದೇ ಆಟವನ್ನು ನೋಡುತ್ತಿದ್ದಾರೆ.

ಹಳೆಯ ಭಯ

ಟೆಲಿವಿಷನ್ ಪ್ರೇಕ್ಷಕರನ್ನು ಕದ್ದೀತೆಂಬ ಅಂಜಿಕೆ ಇಂದಿನದಲ್ಲ. ಅಮೆರಿಕದ ಮನೆಗಳಿಗೆ ಆ ಪೆಟ್ಟಿಗೆ ಕಾಲಿಟ್ಟ ಹೊಸತರಲ್ಲಿಯೇ, 1951ರಲ್ಲಿ, ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಘ ಎಚ್ಚೆತ್ತಿತು. ಇಷ್ಟೇ ಪಂದ್ಯಗಳನ್ನು ತೋರಿಸಬೇಕು, ಒಂದು ತಂಡವನ್ನು ಇಷ್ಟೇ ಸಲ ತೋರಿಸಬೇಕು ಎಂದು ಕಟ್ಟಳೆ ವಿಧಿಸಿತು. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಈ ಬೇಲಿ ನಿಂತಿತ್ತು. ತಮ್ಮ ಆಟವನ್ನು ತಾವೇ ಮಾರಿಕೊಳ್ಳುವ ಹಕ್ಕು ಬೇಕೆಂದು ಒಕ್ಲಹೋಮ ಮತ್ತು ಜಾರ್ಜಿಯ ವಿಶ್ವವಿದ್ಯಾನಿಲಯಗಳು ನ್ಯಾಯಾಲಯದ ಮೆಟ್ಟಿಲೇರಿದವು. 1984ರ ಜೂನ್ 27ರಂದು ಅಮೆರಿಕದ ಸುಪ್ರೀಂ ಕೋರ್ಟು, ಏಳು ನ್ಯಾಯಾಧೀಶರ ಬಹುಮತದಿಂದ, ಈ ಕಟ್ಟಳೆ ಮುಕ್ತ ಸ್ಪರ್ಧೆಯ ಕಾನೂನಿಗೆ ವಿರುದ್ಧವೆಂದು ತೀರ್ಪಿತ್ತಿತು. ಒಪ್ಪದೆ ಉಳಿದ ಇಬ್ಬರಲ್ಲಿ ಒಬ್ಬರಾದ ಬೈರನ್ ವೈಟ್ ತಮ್ಮ ಕಾಲದಲ್ಲಿ ಹೆಸರಾಂತ ಕಾಲೇಜು ಫುಟ್‌ಬಾಲ್ ಪಟುವಾಗಿದ್ದವರು!

ಬೇಲಿ ಮುರಿಯಿತು, ಹಣದ ಹೊಳೆ ಹರಿಯಿತು. 2022ರಲ್ಲಿ ‘ಬಿಗ್ ಟೆನ್’ ಎಂಬ ಒಂದೇ ಕೂಟ ಏಳು ವರ್ಷಗಳ ಪ್ರಸಾರಕ್ಕಾಗಿ ಮಾಡಿಕೊಂಡ ಒಪ್ಪಂದದ ಬೆಲೆ 700 ಕೋಟಿ ಡಾಲರುಗಳಿಗೂ ಹೆಚ್ಚೆಂದು ವರದಿಯಾಯಿತು. ಟಿಕೆಟು ಕೊಂಡು ಬರುವವನ ಹಣ ಇದರ ಮುಂದೆ ಎಷ್ಟರದು?

ಮನೆಯಲ್ಲಿ ಸುಖ, ಮೈದಾನದಲ್ಲಿ ಕಾಯುವಿಕೆ

ಗಡಿಯಾರದ ಲೆಕ್ಕದಲ್ಲಿ ಆಟ 60 ನಿಮಿಷದ್ದು. ಆದರೆ ಅದು ಮುಗಿಯಲು ಮೂರು ಗಂಟೆಗೂ ಮಿಕ್ಕಿ ಬೇಕು. ಅಂಗಣದ ಅಂಚಿನಲ್ಲಿ ಟೋಪಿ ತೊಟ್ಟು ನಿಂತ ಒಬ್ಬ ವ್ಯಕ್ತಿಯನ್ನು ಬಲ್ಲ ಪ್ರೇಕ್ಷಕರು ಚೆನ್ನಾಗಿ ಗುರುತಿಸುತ್ತಾರೆ. ಅವನು ಟೆಲಿವಿಷನ್ನಿನವರ ಪ್ರತಿನಿಧಿ. ಅವನು ಒಳಗೆ ಹೆಜ್ಜೆಯಿಟ್ಟನೆಂದರೆ ಜಾಹೀರಾತು ಆರಂಭವಾಯಿತೆಂದು ಅರ್ಥ; ಅವನು ಹಿಂದೆ ಸರಿಯುವವರೆಗೆ ಚೆಂಡು ಮಿಸುಕುವಂತಿಲ್ಲ. ಮನೆಯಲ್ಲಿರುವವನು ಆ ಹೊತ್ತಿನಲ್ಲಿ ಎದ್ದು ಕಾಫಿ ಮಾಡಿಕೊಂಡಾನು, ಬೇರೊಂದು ಪಂದ್ಯವನ್ನು ನೋಡಿಯಾನು. ಬಿಸಿಲಲ್ಲಿ, ಬೆನ್ನಾಸರೆಯಿಲ್ಲದ ಬೆಂಚಿನ ಮೇಲೆ ಕುಳಿತವನು ಏನು ಮಾಡಬೇಕು?

ಇನ್ನು ಪಂದ್ಯದ ವೇಳೆ. ಮಧ್ಯಾಹ್ನವೋ, ಸಂಜೆಯೋ, ರಾತ್ರಿಯೋ ಎಂಬುದನ್ನು ನಿರ್ಧರಿಸುವುದು ಹಲವು ಸಲ ಟೆಲಿವಿಷನ್ ಸಂಸ್ಥೆ. ಅದೂ ಹನ್ನೆರಡು ದಿನ, ಕೆಲವೊಮ್ಮೆ ಆರೇ ದಿನ ಮುಂಚೆ. ಇನ್ನೂರು ಮೈಲಿ ದೂರದಿಂದ ಮಕ್ಕಳನ್ನು ಕಟ್ಟಿಕೊಂಡು ಬರುವ ಸಂಸಾರಸ್ಥ ವಸತಿಯನ್ನು ಗೊತ್ತುಮಾಡುವುದಾದರೂ ಯಾವಾಗ? ಒಳ್ಳೆಯ ಆಸನ ಬೇಕಾದರೆ ಅನೇಕ ಕಡೆ ಟಿಕೆಟ್ಟಿನ ಬೆಲೆಯ ಮೇಲೆ ಕಾಲೇಜಿಗೆ ‘ದಾನ’ವನ್ನೂ ಸಲ್ಲಿಸಬೇಕು. ಆ ದಾನದ ಬಹುಭಾಗಕ್ಕೆ ಇದ್ದ ತೆರಿಗೆ ವಿನಾಯಿತಿಯೂ 2017ರ ಕಾನೂನಿನಿಂದ ರದ್ದಾಯಿತು.

ಕಳೆದುಹೋದ ನೆರೆಹೊರೆ

ಸುಖದುಃಖದ ಈ ಲೆಕ್ಕವನ್ನೆಲ್ಲ ಮೀರಿ ಜನರನ್ನು ಮೈದಾನಕ್ಕೆಳೆಯುತ್ತಿದ್ದುದು ನೆರೆಯೂರಿನವರೊಡನೆ ಇದ್ದ ಹಳೆಯ ಹಟ. ಪ್ರಸಾರದ ಹಣವನ್ನರಸಿ ಕಾಲೇಜುಗಳು ಕೂಟದಿಂದ ಕೂಟಕ್ಕೆ ಜಿಗಿಯತೊಡಗಿದಾಗ ಅದಕ್ಕೂ ಕುತ್ತು ಬಂತು. ಟೆಕ್ಸಸ್ ಮತ್ತು ಟೆಕ್ಸಸ್ ಎ ಅಂಡ್ ಎಂ ತಂಡಗಳ ಚಿರಕಾಲದ ಪಂದ್ಯ 2011ರಲ್ಲಿ ನಿಂತು, ಮತ್ತೆ ಆರಂಭವಾದದ್ದು 2024ರಲ್ಲಿ. ಒಂದೇ ರಾಜ್ಯದ ಎರಡು ಒಕ್ಲಹೋಮ ತಂಡಗಳ ವಾರ್ಷಿಕ ಕಾಳಗ 2023ರ ಬಳಿಕ ತಪ್ಪಿತು. ಅತ್ತ ಪಶ್ಚಿಮ ತೀರದ ಲಾಸ್ ಏಂಜಲಿಸ್‌ನ ಎರಡು ತಂಡಗಳು 2024ರಲ್ಲಿ ಪೂರ್ವ ತೀರದ ರಟ್ಗರ್ಸ್ ಇರುವ ಕೂಟವನ್ನೇ ಸೇರಿದವು. ಟೆಲಿವಿಷನ್ನಿಗೆ ದೂರವೆಂಬುದಿಲ್ಲ. ಕಾರಿನಲ್ಲಿ ಬರುವ ಅಭಿಮಾನಿಗೆ ಖಂಡದ ಉದ್ದವೇ ಅಡ್ಡ.

ಎಲ್ಲೆಡೆಯೂ ಹೀಗೆಯೆ ಎಂದರೆ ಅನ್ಯಾಯವಾದೀತು. ನೆಬ್ರಾಸ್ಕದಲ್ಲಿ 1962ರಿಂದ ಆರಂಭವಾದ ‘ಎಲ್ಲ ಟಿಕೆಟುಗಳೂ ಮಾರಾಟ’ದ ದಾಖಲೆ 2024ರಲ್ಲಿಯೂ ಉಳಿದಿತ್ತು. 2020ರ ಸಾಂಕ್ರಾಮಿಕದ ಬಳಿಕ ಜನ ಮರಳಿ ಬಂದು, 2022ರಲ್ಲಿ ಸರಾಸರಿಯೂ ಏರಿತು. ಆದರೂ ಮುಂದಾಲೋಚನೆಯುಳ್ಳವರು ಬೇರೆ ದಾರಿ ಹಿಡಿದಿದ್ದಾರೆ. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾನಿಲಯ 47 ಸಾವಿರ ಆಸನಗಳ ಹಳೆಯ ಕ್ರೀಡಾಂಗಣವನ್ನು 2024ರಲ್ಲಿ ಕೆಡವಿಸಿ, ಅದೇ ಜಾಗದಲ್ಲಿ 35 ಸಾವಿರ ಆಸನಗಳದನ್ನು ಕಟ್ಟಲು ಹೊರಟಿತು. ಹಿಂದೆ ದೊಡ್ಡದನ್ನು ಕಟ್ಟುವುದು ಹೆಮ್ಮೆಯಾಗಿತ್ತು. ಈಗ ಚಿಕ್ಕದನ್ನು ಕಟ್ಟುವುದು ಜಾಣತನ!

ನಾಳೆಯ ಅಜ್ಜ

ಹಿರಿಯರು ಬಾರದಿರುವುದಕ್ಕಿಂತ ಕಳವಳದ ಸಂಗತಿ ವಿದ್ಯಾರ್ಥಿಗಳು ಬಾರದಿರುವುದು. ಅಲಬಾಮ ತಂಡ ದೇಶದ ಅಗ್ರಗಣ್ಯ ತಂಡಗಳಲ್ಲೊಂದು. ಅಲ್ಲಿಯೂ ವಿದ್ಯಾರ್ಥಿಗಳು ಆಟ ಮುಗಿಯುವ ಮುನ್ನ ಎದ್ದು ಹೋಗುತ್ತಾರೆಂದು ತರಬೇತುದಾರ ನಿಕ್ ಸೇಬನ್ ಬಹಿರಂಗವಾಗಿ ನೊಂದುಕೊಂಡರು. ಕೊನೆಗೆ 2019ರಲ್ಲಿ ವಿಶ್ವವಿದ್ಯಾನಿಲಯವೇ ಒಂದು ಉಪಾಯ ಹೂಡಿತು. ವಿದ್ಯಾರ್ಥಿಯ ಕಿಸೆಯಲ್ಲಿರುವ ಫೋನಿನ ಮೂಲಕ ಅವನು ಕೊನೆಯವರೆಗೆ ಮೈದಾನದಲ್ಲಿದ್ದನೆ ಎಂದು ಕಂಡುಕೊಂಡು, ಇದ್ದವನಿಗೆ ಮುಂದಿನ ದೊಡ್ಡ ಪಂದ್ಯಗಳ ಟಿಕೆಟಿನಲ್ಲಿ ಆದ್ಯತೆ! ಹಾಜರಿ ಹಾಕಿ ಕೂರಿಸಬೇಕಾದದ್ದು ತರಗತಿಯಲ್ಲಿ. ಆಟದ ಬಯಲಿಗೂ ಆ ಗತಿ ಬಂತೆ ಎಂದು ಹಲವರು ನಕ್ಕರು. ಫೋನಿನ ಕಣ್ಗಾವಲನ್ನು ಕಂಡು ಕೆಲವರು ಸಿಡಿಮಿಡಿಗೊಂಡರು.

ನಗೆಯ ಹಿಂದೆ ಚಿಂತೆಯೂ ಇದೆ. ಇಪ್ಪತ್ತರ ಹರೆಯದಲ್ಲಿ ಗೆಳೆಯರೊಡನೆ ಕೂಗಿ ಗಂಟಲು ಕಟ್ಟಿಸಿಕೊಂಡವನೇ ನಲವತ್ತರಲ್ಲಿ ಟಿಕೆಟು ಕೊಳ್ಳುವವನು, ಅರವತ್ತರಲ್ಲಿ ಕಾಲೇಜಿಗೆ ಕೊಡುಗೆ ನೀಡುವವನು, ಮೊಮ್ಮಗನ ಕೈಹಿಡಿದು ಬರುವವನು. ಮೊದಲ ಅಭ್ಯಾಸವೇ ತಪ್ಪಿದರೆ ಮುಂದಿನದೆಲ್ಲ ಎಲ್ಲಿಯದು? ಇತ್ತ ಟೆಲಿವಿಷನ್ನಿಗೂ ಈ ಪ್ರೇಕ್ಷಕನಿಲ್ಲದೆ ಸಾಗದು. ಮನೆಯಲ್ಲಿ ಕುಳಿತವನ ಮೈ ಜುಮ್ಮೆನ್ನಿಸುವುದು ಚೆಂಡಿನ ಓಟವೊಂದೇ ಅಲ್ಲ, ಲಕ್ಷ ಕಂಠಗಳಿಂದೇಳುವ ಕೂಗು ಕೂಡ. ಕಾಲೇಜುಗಳು ಕೋಟಿಗಟ್ಟಲೆ ಡಾಲರಿಗೆ ಮಾರುತ್ತಿರುವ ಸರಕಿನಲ್ಲಿ ಆ ಕೂಗೂ ಸೇರಿದೆ. ಅದನ್ನು ಕೂಗುವವನಿಗೆ ನೆರಳು, ಅನುಕೂಲವಾದ ವೇಳೆ, ಕೈಗೆಟುಕುವ ಬೆಲೆಯ ಒಂದು ಆಸನ, ಇಷ್ಟನ್ನು ಒದಗಿಸುವುದು ಉಪಕಾರವೇನೂ ಅಲ್ಲ. ವ್ಯಾಪಾರದ ದೃಷ್ಟಿಯಿಂದಲೂ ಅದೇ ವಿವೇಕ.